ತಿಪ್ಪೆಗೆ ಸೇರದ ಮರ

ಹಳೆಯ ಮೈಸೂರು ಸೀಮೆಯ ರೈತನ ತಿಪ್ಪೆಗುಂಡಿಯು ಮನೆಯ ಹಾಗೂ ಹೊಲದ ಬಹುತೇಕ ಎಲ್ಲ ಕಸವನ್ನೂ ಒಳಗೆ ಹಾಕಿಕೊಳ್ಳುತ್ತಿತ್ತು. ಕೊಟ್ಟಿಗೆಯ ಸಗಣಿ, ಗಂಜಲದಲ್ಲಿ ನೆನೆದ ಹುಲ್ಲು, ಒಲೆಯ ಬೂದಿ, ಕಣದಲ್ಲಿ ತೂರಿದ ಹೊಟ್ಟು, ಹಬ್ಬದೂಟದ ಎಲೆ, ಅಂಗಳ ಗುಡಿಸಿದ ಮಣ್ಣು ಎಲ್ಲವೂ ಅಲ್ಲಿಗೆ ಬಂದು, ಒಂದು ಮಳೆಗಾಲವನ್ನೂ ಒಂದು ಬೇಸಿಗೆಯನ್ನೂ ಕಳೆದು, ಮುಂಗಾರಿಗೆ ಮುನ್ನ ಗಾಡಿ ಏರಿ ಹೊಲಕ್ಕೆ ಹೋಗುತ್ತಿದ್ದವು. ಮರ ಮಾತ್ರ ಈ ಪಟ್ಟಿಯಲ್ಲಿ ಇರಲಿಲ್ಲ. ಬಡಗಿಯ ಬಾಚಿಯಿಂದ ಹಾರಿದ ಚಕ್ಕೆಯಾಗಲಿ, ತೊಗರಿಯ ಒಣಕಡ್ಡಿಯಾಗಲಿ, ಸೌದೆ ಒಡೆದಾಗ ಉಳಿದ ಸೀಳಾಗಲಿ ತಿಪ್ಪೆಯ ದಾರಿ ಹಿಡಿಯದೆ ನೇರವಾಗಿ ಒಲೆಗೆ ಹೋಗುತ್ತಿತ್ತು, ಮತ್ತು ಒಲೆಯಿಂದ ಬೂದಿಯಾಗಿ ಹೊರಬಂದ ಮೇಲಷ್ಟೇ ಅದಕ್ಕೆ ತಿಪ್ಪೆಯಲ್ಲಿ ಜಾಗ ದೊರೆಯುತ್ತಿತ್ತು. ಆದುದರಿಂದ ಮರದ ತ್ಯಾಜ್ಯವನ್ನು ಸೂಕ್ಷ್ಮಜೀವಿಗಳಿಂದ ಕೊಳೆಯಿಸಿ ಗೊಬ್ಬರ ಮಾಡುವ ಪದ್ಧತಿಯ ಚರಿತ್ರೆಯನ್ನು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಹುಡುಕುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಅಲ್ಲಿ ಮರವು ಯಾವ ಕಾಲದಲ್ಲಿ ತ್ಯಾಜ್ಯವಾಯಿತು ಎಂಬುದು.

ಮೈಸೂರು ಜಿಲ್ಲೆಯ ಪಶ್ಚಿಮಾರ್ಧದಲ್ಲಿರುವ ಈ ನಾಲ್ಕು ತಾಲ್ಲೂಕುಗಳು ಕಾಡಿಗೂ ಗದ್ದೆಗೂ ನಡುವೆ ಹರಡಿಕೊಂಡಿವೆ. ಕೊಡಗು ಮತ್ತು ವಯನಾಡುಗಳ ಅಂಚಿನಲ್ಲಿ ನಾಗರಹೊಳೆ ಹಾಗೂ ಕಾಕನಕೋಟೆಯ ಕಾಡುಗಳಿದ್ದು, ತೇಗ, ಬೀಟೆ, ಹೊನ್ನೆ, ಮತ್ತಿ, ನಂದಿ ಮುಂತಾದ ನಾಟಾ ಮರಗಳು ಅಲ್ಲಿ ಬೆಳೆಯುತ್ತವೆ. ಪೂರ್ವಕ್ಕೆ ಸಾಗಿದಂತೆ ಮಳೆ ಕಡಿಮೆಯಾಗುತ್ತ, ಕೆಂಪು ಮಣ್ಣಿನ ರಾಗಿ ಹೊಲಗಳು ಕಾಣಿಸಿಕೊಂಡು, ಕಾವೇರಿಯ ದಡದ ಕೃಷ್ಣರಾಜನಗರದ ವೇಳೆಗೆ ನಾಲೆಯ ನೀರಿನ ಭತ್ತದ ಬಯಲು ತೆರೆದುಕೊಳ್ಳುತ್ತದೆ. ಲಕ್ಷ್ಮಣತೀರ್ಥವು ಹುಣಸೂರಿನ ಬದಿಯಲ್ಲಿಯೂ ಕಬಿನಿಯು ಹೆಗ್ಗಡದೇವನಕೋಟೆಯ ನಡುವೆಯೂ ಹರಿದು, ಎರಡೂ ಮುಂದೆ ಕಾವೇರಿಯನ್ನು ಸೇರುತ್ತವೆ. ಕಾಡಿನ ಮರ, ಹೊಲದ ಕಡ್ಡಿ, ಗದ್ದೆಯ ಹುಲ್ಲು ಈ ಮೂರೂ ಇಷ್ಟು ಹತ್ತಿರದಲ್ಲಿ ಸಿಗುವ ಸೀಮೆಯಲ್ಲಿ ಕಾಡಿನ ಮರವು ಸಾವಿರಾರು ವರ್ಷಗಳಿಂದ ತಾನಾಗಿಯೇ ಮಣ್ಣಾಗುತ್ತ ಬಂದಿದ್ದರೂ, ಊರಿನ ಮರವು ಮಣ್ಣಾಗಲು ಮನುಷ್ಯನು ಬಿಡಲಿಲ್ಲವೆಂಬುದು ಗಮನಾರ್ಹ.

ಮರವು ತಿಪ್ಪೆಗೆ ಒಗ್ಗದಿರಲು ಆರ್ಥಿಕ ಕಾರಣದ ಜೊತೆಗೆ ಅದರ ರಚನೆಯಲ್ಲಿಯೇ ಒಂದು ಕಾರಣವಿದೆ. ಮರದ ಒಣತೂಕದ ನೂರು ಭಾಗದಲ್ಲಿ ಸುಮಾರು 40ರಿಂದ 50 ಭಾಗ ಸೆಲ್ಯುಲೋಸ್ ಎಂಬ ನಾರು, 20ರಿಂದ 30 ಭಾಗ ಅದನ್ನು ಸುತ್ತಿಕೊಂಡ ಹೆಮಿಸೆಲ್ಯುಲೋಸ್, ಉಳಿದ ಹೆಚ್ಚಿನ ಪಾಲು ಲಿಗ್ನಿನ್. ಸೆಲ್ಯುಲೋಸ್ ಸಕ್ಕರೆಯ ಕಣಗಳು ಸರವಾಗಿ ಪೋಣಿಸಿಕೊಂಡ ವಸ್ತುವಾದ್ದರಿಂದ ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು, ಅಂದರೆ ಬೂಷ್ಟು ಮತ್ತು ಅಣಬೆಯ ಜಾತಿಯ ಜೀವಿಗಳು, ಮಣ್ಣಿನಲ್ಲಿ ಹೇರಳವಾಗಿವೆ. ಲಿಗ್ನಿನ್ನಿನ ಸಂಗತಿ ಬೇರೆ. ನಾರಿನ ನಡುವೆ ಗಾರೆಯಂತೆ ತುಂಬಿಕೊಂಡು ಮರಕ್ಕೆ ಗಡಸುತನ ಕೊಡುವ ಈ ವಸ್ತುವಿಗೆ ಕ್ರಮಬದ್ಧವಾದ ಸರಪಣಿಯ ರಚನೆ ಇಲ್ಲ, ಆದುದರಿಂದ ಒಂದೇ ಬಗೆಯ ಕತ್ತರಿಯಿಂದ ಅದನ್ನು ತುಂಡರಿಸುವುದು ಆಗದ ಕೆಲಸ. ಅದನ್ನು ಪೂರ್ತಿಯಾಗಿ ಒಡೆಯಬಲ್ಲವು ಮುಖ್ಯವಾಗಿ ಬಿಳಿ ಕೊಳೆ ಶಿಲೀಂಧ್ರಗಳೆಂದು ಕರೆಯಲಾಗುವ ಅಣಬೆಗಳು. ಇವು ಲಿಗ್ನಿನ್ನನ್ನು ಕರಗಿಸಿ ಬೆಳ್ಳಗಿನ ನಾರನ್ನು ಉಳಿಸುವುದರಿಂದ ಈ ಹೆಸರು ಬಂದಿದೆ. ನಾರನ್ನು ತಿಂದು ಲಿಗ್ನಿನ್ನನ್ನು ಕಂದು ಬಣ್ಣದ ಪುಡಿಯಾಗಿ ಬಿಡುವವು ಕಂದು ಕೊಳೆಯ ಜಾತಿಯವು. ಬಿಳಿ ಕೊಳೆಯ ಒಂದು ಶಿಲೀಂಧ್ರವಾದ ಫನೆರೋಕೀಟ್ ಕ್ರೈಸೋಸ್ಪೋರಿಯಂ ಯಾವ ಕಿಣ್ವದಿಂದ ಈ ಕೆಲಸ ಮಾಡುತ್ತದೆಂಬುದು ಅಮೆರಿಕದ ಸಂಶೋಧಕರಿಗೆ ಗೊತ್ತಾದದ್ದು 1983ರಲ್ಲಿ. ರಾಗಿಯ ಹೊಲದ ಬದುವಿನಲ್ಲಿ ಬಿದ್ದ ಕೊರಡು ಪ್ರತಿ ಮಳೆಗಾಲದಲ್ಲಿ ಎಲ್ಲರ ಕಣ್ಣೆದುರಿಗೆ ಕೊಳೆಯುತ್ತಿದ್ದರೂ ಅದರ ಒಳಗುಟ್ಟು ತಿಳಿದು ಇನ್ನೂ ಅರ್ಧ ಶತಮಾನವೂ ಆಗಿಲ್ಲ.

ಎರಡನೆಯ ತೊಡಕು ಸಾರಜನಕದ್ದು. ಕೊಳೆಯಿಸುವ ಜೀವಿಗಳು ಇಂಗಾಲವನ್ನು ಆಹಾರವಾಗಿ ಉಪಯೋಗಿಸಿದರೂ ತಮ್ಮ ದೇಹ ಕಟ್ಟಿಕೊಳ್ಳಲು ಅವಕ್ಕೆ ಸಾರಜನಕ ಬೇಕು, ಮತ್ತು ಇಂಗಾಲದ 25ರಿಂದ 30 ಪಾಲಿಗೆ ಸಾರಜನಕದ ಒಂದು ಪಾಲು ಇದ್ದರೆ ಕೊಳೆತ ಸರಾಗವಾಗಿ ನಡೆಯುತ್ತದೆ. ಸಗಣಿಯಲ್ಲಿ ಈ ಅನುಪಾತ ಸುಮಾರು 20ಕ್ಕೆ 1, ಹುಲ್ಲಿನಲ್ಲಿ 80ರ ಆಸುಪಾಸು. ಗರಗಸದ ಹೊಟ್ಟಿನಲ್ಲಾದರೋ ಅದು ನಾಲ್ಕೈದು ನೂರಕ್ಕೆ ಏರುತ್ತದೆ. ಅಂಥ ಹೊಟ್ಟನ್ನು ಹಸಿಯಾಗಿಯೇ ಹೊಲಕ್ಕೆ ಸುರಿದರೆ, ಅದನ್ನು ತಿನ್ನಲು ಬಂದ ಜೀವಿಗಳು ಕೊರತೆಯ ಸಾರಜನಕವನ್ನು ಮಣ್ಣಿನಿಂದಲೇ ಹೀರಿಕೊಂಡು, ಪೈರು ಹಳದಿಗೆ ತಿರುಗುತ್ತದೆ. ಮರದ ಪುಡಿ ಹಾಕಿದರೆ ನೆಲ ಬರಡಾಗುತ್ತದೆಂದು ರೈತರು ಹೇಳುವ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ, ಆ ಒಂದು ಹಂಗಾಮಿನ ಮಟ್ಟಿಗಾದರೂ ಅದು ಕಂಡುಂಡ ಸತ್ಯ.

ಕಾಡಿನಲ್ಲಿ ಈ ಎರಡು ತೊಡಕುಗಳನ್ನೂ ನಿವಾರಿಸಿಕೊಂಡು ಮರವನ್ನು ಗೊಬ್ಬರ ಮಾಡುವ ವ್ಯವಸ್ಥೆಯೊಂದು ಮನುಷ್ಯನಿಗಿಂತ ಬಹು ಹಿಂದಿನಿಂದ ನಡೆದು ಬಂದಿದೆ, ಅದರ ಹೊರರೂಪವೇ ಹುತ್ತ. ಗೆದ್ದಲು ತಾನಾಗಿ ಮರವನ್ನು ಪೂರ್ತಿ ಜೀರ್ಣಿಸಿಕೊಳ್ಳಲಾರದು. ಹುತ್ತ ಕಟ್ಟುವ ಜಾತಿಯ ಗೆದ್ದಲುಗಳು ಒಣಮರವನ್ನೂ ತರಗನ್ನೂ ಅಗಿದು ನುಂಗಿ, ಅರೆಜೀರ್ಣವಾದದ್ದನ್ನು ಹುತ್ತದ ಒಳಕೋಣೆಗಳಲ್ಲಿ ಜೇನುತಟ್ಟಿನಂತೆ ಜೋಡಿಸಿ, ಅದರ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆಸುತ್ತವೆ, ಮತ್ತು ಆ ಶಿಲೀಂಧ್ರವು ಲಿಗ್ನಿನ್ನನ್ನು ಒಡೆದು ಮೆದುವಾಗಿಸಿದ ತಟ್ಟನ್ನು ಮತ್ತೆ ತಿನ್ನುತ್ತವೆ. ಮುಂಗಾರಿನ ಮೊದಲ ಮಳೆಗಳ ನಂತರ ಹುತ್ತದ ನೆತ್ತಿಯನ್ನು ಸೀಳಿಕೊಂಡು ಬರುವ ಅಣಬೆಯು ಇದೇ ಶಿಲೀಂಧ್ರದ ಫಲ. ಹೆಗ್ಗಡದೇವನಕೋಟೆ ಮತ್ತು ಹುಣಸೂರಿನ ಕಾಡಂಚಿನಲ್ಲಿ ಅದನ್ನು ಹುಡುಕಿ ತರುವ ಜೇನುಕುರುಬ, ಬೆಟ್ಟಕುರುಬ ಕುಟುಂಬಗಳಿಗೆ ಅದು ವರ್ಷಕ್ಕೊಮ್ಮೆ ಒದಗುವ ರುಚಿ. ನಾಗರಪಂಚಮಿಗೆ ಹಾಲೆರೆಯುವ ಹುತ್ತವು ಮರದ ಗೊಬ್ಬರದ ಕಾರ್ಖಾನೆಯೂ ಹೌದೆಂಬುದನ್ನು ಭಕ್ತರು ಯೋಚಿಸಿರಲಿಕ್ಕಿಲ್ಲ. ಮರ ತಿನ್ನುವ ಅಣಬೆಗಳೆಲ್ಲ ಹೀಗೆ ಉಪಕಾರಿಗಳೆಂದು ತಿಳಿಯಬೇಕಾಗಿಲ್ಲ. ತೆಂಗಿನ ತೋಟಗಳಲ್ಲಿ ಅಣಬೆ ರೋಗವೆಂದು ರೈತರು ಹೆದರುವ ಗ್ಯಾನೊಡರ್ಮಾ ಕೂಡ ಬಿಳಿ ಕೊಳೆಯ ಗುಂಪಿಗೇ ಸೇರಿದ್ದು, ಸತ್ತ ಮರಕ್ಕೆ ಕಾಯದೆ ಬದುಕಿರುವ ಮರದ ಬುಡವನ್ನೇ ಹಿಡಿಯುತ್ತದೆ.

ಮನುಷ್ಯನು ಮಾತ್ರ ಈ ನಿಧಾನದ ದಾರಿಯನ್ನು ಬಿಟ್ಟು ಬೆಂಕಿಯ ದಾರಿಯನ್ನು ಹಿಡಿದನು. ಪಶ್ಚಿಮಘಟ್ಟದ ಉದ್ದಕ್ಕೂ ಕುಮ್ರಿ ಎಂಬ ಹೆಸರಿನಲ್ಲಿ ನಡೆಯುತ್ತಿದ್ದ ಬೇಸಾಯದಲ್ಲಿ ಕಾಡನ್ನು ಕಡಿದು, ಒಣಗಿಸಿ, ಸುಟ್ಟು, ಬೂದಿಯ ಮೇಲೆ ರಾಗಿಯನ್ನು ಎರಚುತ್ತಿದ್ದರು. ಮರದಲ್ಲಿದ್ದ ಪೊಟ್ಯಾಶ್ ಮತ್ತು ಸುಣ್ಣದ ಅಂಶಗಳು ಒಂದೇ ದಿನದಲ್ಲಿ ಬೆಳೆಗೆ ಸಿಗುತ್ತಿದ್ದವು, ಆದರೆ ಇಂಗಾಲವೆಲ್ಲ ಹೊಗೆಯಾಗಿ ಹೋಗಿ, ಸಾರಜನಕವೂ ಅದರೊಡನೆ ಹೋಗಿ, ಎರಡು ಮೂರು ಬೆಳೆಗಳ ನಂತರ ಆ ಜಾಗವನ್ನು ಬಿಡಬೇಕಾಗುತ್ತಿತ್ತು. ಬಯಲಿನ ರೈತನ ಕ್ರಮ ಇದಕ್ಕಿಂತ ಜಾಣತನದ್ದು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಆಜ್ಞೆಯಂತೆ ಮೈಸೂರು ರಾಜ್ಯವನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್, ಶ್ರೀರಂಗಪಟ್ಟಣದ ಸುತ್ತಿನ ಪ್ರತಿಯೊಬ್ಬ ರೈತನಿಗೂ ಅಗಲವಾದ ತಿಪ್ಪೆಗುಂಡಿ ಇದ್ದುದನ್ನೂ, ದನಗಳ ಸಗಣಿ ಹಾಸುಗಳೊಡನೆ ಮನೆಯ ಬೂದಿಯೂ ಅದಕ್ಕೆ ಬೀಳುತ್ತಿದ್ದುದನ್ನೂ ದಾಖಲಿಸಿದ್ದಾನೆ. ಅದೇ ಪ್ರವಾಸದಲ್ಲಿ ಅವನು ಕಾವೇರಿಯ ದಕ್ಷಿಣಕ್ಕೆ ಹೆಗ್ಗಡದೇವನಕೋಟೆ, ಹನಗೋಡು, ಪಿರಿಯಾಪಟ್ಟಣಗಳ ಕಡೆಗೂ ಹೋಗಿದ್ದನು. ಅವನ ದಾಖಲೆಯಲ್ಲಿ ಬೂದಿಯ ಹೆಸರು ಬಂದಿರುವುದನ್ನು ಮುಖ್ಯವಾಗಿ ಗಮನಿಸಬೇಕು, ಏಕೆಂದರೆ ತಿಪ್ಪೆಯೊಳಗೆ ಮರವು ಪ್ರವೇಶಿಸುತ್ತಿದ್ದುದು ಆ ರೂಪದಲ್ಲಿ ಮಾತ್ರ. ದೀಪಾವಳಿಯಲ್ಲಿ ತಿಪ್ಪೆಯ ಮೇಲೂ ಒಂದು ಹಣತೆ ಇಡುವ, ಮಕ್ಕಳಿಗೆ ತಿಪ್ಪಮ್ಮ, ತಿಪ್ಪೇಸ್ವಾಮಿ ಎಂದು ಹೆಸರಿಡುವ ನಾಡಿನಲ್ಲಿ ಗೊಬ್ಬರದ ಬಗ್ಗೆ ಅಸಡ್ಡೆಯಿತ್ತೆಂದು ಯಾರೂ ಹೇಳಲಾರರು. ಸೌದೆಯ ಅಗತ್ಯ ಅದಕ್ಕಿಂತ ಹೆಚ್ಚಾಗಿತ್ತು, ಅಷ್ಟೆ. ಸೌದೆ ಸಾಲದ ಊರುಗಳಲ್ಲಿ ಸಗಣಿಯೂ ಬೆರಣಿಯಾಗಿ ಒಲೆ ಸೇರುತ್ತಿದ್ದುದು ಈ ಅಗತ್ಯದ ಒತ್ತಡವನ್ನು ತೋರಿಸುತ್ತದೆ.

ಮರದ ಕೆಲಸವು ಮನೆಯ ಅಂಗಳವನ್ನು ದಾಟಿ ಉದ್ಯಮದ ಗಾತ್ರಕ್ಕೆ ಬೆಳೆದದ್ದು ಹುಣಸೂರಿನಲ್ಲಿ, ಮತ್ತು ಅದಕ್ಕೆ ಕಾರಣ ಸೈನ್ಯ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಟಿಪ್ಪು ಅಮೃತ ಮಹಲ್ ಎಂದು ಹೆಸರಿಸಿ ಬೆಳೆಸಿದ್ದನು. 1799ರ ನಂತರ ಕಂಪನಿಯ ಕೈಗೆ ಬಂದ ಆ ದನಗಳ ಇಲಾಖೆಗೆ, ಅಂದರೆ ಫಿರಂಗಿ ಎಳೆಯುವ ಎತ್ತುಗಳನ್ನು ಸಾಕುವ ಸಂಸ್ಥೆಗೆ, ಹುಣಸೂರು ಕೇಂದ್ರವಾಯಿತು. ಅದರ ಜೊತೆಯಲ್ಲಿ ಮದರಾಸು ಸೈನ್ಯದ ಸರಬರಾಜು ಇಲಾಖೆಯು ಅಲ್ಲಿ ದೊಡ್ಡದೊಂದು ಚರ್ಮ ಹದಮಾಡುವ ಕಾರ್ಖಾನೆಯನ್ನೂ, ಕಂಬಳಿಯ ಕಾರ್ಖಾನೆಯನ್ನೂ, ನಾಟಾ ಅಂಗಳವನ್ನೂ ನಡೆಸುತ್ತಿತ್ತೆಂದೂ, ಇವು 1864ರಲ್ಲಿ ಮುಚ್ಚಿದರೂ ಅಲ್ಲಿ ಕಲಿತ ಕೈಕಸುಬು ಊರಿನಲ್ಲಿ ಉಳಿದು ಗಾಡಿ, ಪಾದರಕ್ಷೆ, ಕಂಬಳಿಗಳ ತಯಾರಿಕೆ ಮುಂದುವರಿಯಿತೆಂದೂ ಹತ್ತೊಂಬತ್ತನೆಯ ಶತಮಾನದ ಗೆಜೆಟಿಯರುಗಳು ತಿಳಿಸುತ್ತವೆ. ಕೊಡಗಿನ ಕಾಫಿಯನ್ನು ಒಣಗಿಸಿ ಸಿಪ್ಪೆ ಬಿಡಿಸುವ, ಯುರೋಪಿಯನ್ನರ ಒಡೆತನದ ಕಾಫಿ ಕಾರ್ಖಾನೆಗಳೂ ಅಲ್ಲಿದ್ದವು. ಒಂದೇ ಊರಿನಲ್ಲಿ ಸಾವಿರಾರು ದನಗಳ ಸಗಣಿ, ನಾಟಾ ಅಂಗಳದ ಚಕ್ಕೆ, ಕಾಫಿಯ ಸಿಪ್ಪೆ ಇವು ಒಟ್ಟಾಗಿ ಸಿಕ್ಕರೂ ಅವನ್ನು ಬೆರೆಸಿ ಗೊಬ್ಬರ ಮಾಡುವ ಯೋಚನೆ ಆ ಕಾಲದ ಸೇನಾ ಇಲಾಖೆಗೆ ಬರುವಂತಿರಲಿಲ್ಲ. ಅವರ ಪುಸ್ತಕದಲ್ಲಿ ಎತ್ತು ಎಂದರೆ ಫಿರಂಗಿಯ ಗಾಡಿ, ಮರ ಎಂದರೆ ಅದರ ಚಕ್ರ. ಮೈಸೂರು ರಾಜ್ಯದ ಅರಣ್ಯ ಇಲಾಖೆಯು ಹುಟ್ಟಿದ್ದು ಅದೇ 1864ರಲ್ಲಿ. ಅಲ್ಲಿಂದ ಮುಂದೆ ಕಾಡಿನ ಮರವು ಸರ್ಕಾರದ ಸ್ವತ್ತಾಗಿ, ಕಾಕನಕೋಟೆಯ ತೇಗವು ಡಿಪೊಗಳ ಮೂಲಕ ಹರಾಜಾಗತೊಡಗಿ, ಹುಣಸೂರು ಮರದ ಊರೆಂಬ ಹೆಸರನ್ನು ಉಳಿಸಿಕೊಂಡಿತು.

ಇಲ್ಲಿ ಚರ್ಮದ ಕೆಲಸದ ಸಂಬಂಧವನ್ನು ಕುರಿತು ಒಂದು ಮಾತು ಹೇಳಬಹುದು. ಮೈಸೂರು ಸೀಮೆಯಲ್ಲಿ ಚರ್ಮ ಹದಮಾಡಲು ತಂಗಡಿಯ ತೊಗಟೆಯನ್ನು ಬಳಸುತ್ತಿದ್ದರು. ತೊಗಟೆಯಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥವು ಚರ್ಮದೊಳಗೆ ಸೇರಿ ಕೊಳೆಯಿಸುವ ಜೀವಿಗಳನ್ನು ದೂರವಿಡುತ್ತದೆ. ಮರವನ್ನು ಕೊಳೆಯದಂತೆ ಕಾಯುವುದೂ ಬಹುಮಟ್ಟಿಗೆ ಇಂಥ ಪದಾರ್ಥಗಳೇ. ತೇಗದ ಚೇಗಿಗೆ ಗೆದ್ದಲು ಹಿಡಿಯದಿರಲು, ನೀಲಗಿರಿಯ ಎಲೆ ಬಿದ್ದ ನೆಲದಲ್ಲಿ ಕಸ ಬೇಗ ಕರಗದಿರಲು ಅವುಗಳ ಒಳಗಿನ ತೈಲ ಮತ್ತು ಒಗರುಗಳು ಕಾರಣ. ಒಳ್ಳೆಯ ನಾಟಾ ಎಂದರೆ ಕೆಟ್ಟ ಗೊಬ್ಬರದ ಸರಕು ಎಂಬ ಈ ಸಂಗತಿಯು ಮುಂದೆ ಗರಗಸದ ಹೊಟ್ಟನ್ನು ಕೊಳೆಯಿಸಹೊರಟವರಿಗೆಲ್ಲ ಎದುರಾಯಿತು.

ಕೊಳೆಯಿಸುವುದನ್ನು ವಿಜ್ಞಾನದ ವಿಷಯವಾಗಿ ನೋಡುವ ಕೆಲಸವು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಆರಂಭವಾಗಿ, ಅದರ ಒಂದು ಮುಖ್ಯ ನೆಲೆ ಮೈಸೂರು ರಾಜ್ಯದೊಳಗೇ ಇತ್ತು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೇಂದ್ರದಲ್ಲಿ ಹಚಿನ್ಸನ್ ಮತ್ತು ರಿಚರ್ಡ್ಸ್ ಎಂಬವರು 1921ರಲ್ಲಿ, ಹುಲ್ಲಿಗೆ ರಾಸಾಯನಿಕ ಸಾರಜನಕವನ್ನು ಸೇರಿಸಿದರೆ ದನವಿಲ್ಲದೆಯೂ ಕೊಟ್ಟಿಗೆ ಗೊಬ್ಬರದಂಥದನ್ನು ಮಾಡಬಹುದೆಂದು ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗವನ್ನು ಕಟ್ಟಿದ ಗಿಲ್ಬರ್ಟ್ ಫೌಲರ್ ಪಟ್ಟಣದ ಕೊಳಚೆಯ ಸಾರಜನಕವನ್ನು ಹೊಲಕ್ಕೆ ಮರಳಿಸುವ ಬಗೆಯನ್ನು ಅಭ್ಯಾಸ ಮಾಡಿದನು. 1924ರಿಂದ 1931ರವರೆಗೆ ಇಂದೋರಿನಲ್ಲಿ ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ ರೂಪಿಸಿದ ಇಂದೋರ್ ಪದ್ಧತಿಯಲ್ಲಿ, ಕಸ, ಸಗಣಿ, ಗಂಜಲದ ಮಣ್ಣು, ಬೂದಿಗಳನ್ನು ಪದರ ಪದರವಾಗಿ ಹರಡಿ, ಗಾಳಿ ಆಡುವಂತೆ ಆಗಾಗ ಮಗುಚಿ, ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಪಡೆಯಲಾಗುತ್ತಿತ್ತು. ಮರದಂತೆ ಗಡಸಾದ ಹತ್ತಿಯ ಮತ್ತು ತೊಗರಿಯ ಕಡ್ಡಿಗಳಿಗೆ ಹೊವಾರ್ಡ್ ಕಂಡುಕೊಂಡ ಉಪಾಯ ಬಲು ಸರಳ. ಅವನ್ನು ತೋಟದ ಗಾಡಿದಾರಿಯ ಮೇಲೆ ಹರಡಿ, ಚಕ್ರದಡಿ ಸಿಕ್ಕು ಜಜ್ಜಿಹೋದ ಮೇಲೆ ಕೊಟ್ಟಿಗೆಗೆ ಹಾಸಿ, ಗಂಜಲ ಹೀರಿದ ಮೇಲೆ ಗುಂಡಿಗೆ ಹಾಕುವುದು. ಲಿಗ್ನಿನ್ನಿನ ಗಾರೆಯನ್ನು ಚಕ್ರ ಒಡೆಯಿತು, ಸಾರಜನಕದ ಕೊರತೆಯನ್ನು ಎತ್ತು ತುಂಬಿತು. ಮರವನ್ನು ಗೊಬ್ಬರ ಮಾಡುವ ತತ್ತ್ವವು ಇದಕ್ಕಿಂತ ಮುಂದೆ ಇಂದಿಗೂ ಬಹಳ ಹೋಗಿಲ್ಲ.

1939ರ ಸುಮಾರಿಗೆ ಬೆಂಗಳೂರಿನಲ್ಲಿ ಸಿ.ಎನ್. ಆಚಾರ್ಯ ಅವರು ರೂಪಿಸಿದ, ಬೆಂಗಳೂರು ಪದ್ಧತಿ ಎಂದೇ ಲೋಕದಲ್ಲಿ ಹೆಸರಾದ ಕ್ರಮವು ಇದಕ್ಕೆ ವಿರುದ್ಧ ದಿಕ್ಕಿನದು. ಅದರಲ್ಲಿ ಊರಿನ ಕಸವನ್ನೂ ಮಲವನ್ನೂ ಕಾಲುವೆಯಂಥ ಗುಂಡಿಗಳಲ್ಲಿ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ ಮುಚ್ಚಿ, ಮಗುಚದೆ ಆರರಿಂದ ಎಂಟು ತಿಂಗಳು ಬಿಡುತ್ತಾರೆ. ಗಾಳಿ ಇಲ್ಲದೆ ಬದುಕುವ ಜೀವಿಗಳು ನಿಧಾನವಾಗಿ ಕೆಲಸ ಮಾಡುವುದರಿಂದ ಸಾರಜನಕದ ನಷ್ಟ ಕಡಿಮೆ, ಕೂಲಿಯೂ ಉಳಿಯುತ್ತದೆ. ಪುರಸಭೆಗಳಿಗೆ ಈ ಕ್ರಮ ಬಹಳ ಒಪ್ಪಿತು. ಮರಕ್ಕೆ ಮಾತ್ರ ಇದು ಹೇಳಿ ಮಾಡಿಸಿದ್ದಲ್ಲ, ಏಕೆಂದರೆ ಬಿಳಿ ಕೊಳೆಯ ಶಿಲೀಂಧ್ರಗಳಿಗೆ ಆಮ್ಲಜನಕ ಬೇಕೇ ಬೇಕು, ಮುಚ್ಚಿದ ಗುಂಡಿಯಲ್ಲಿ ಮರದ ಚೂರು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ಮೈಸೂರಿನ ಹತ್ತಿರದ ಬೆಳಗೊಳದಲ್ಲಿ ಅದೇ ಕಾಲಕ್ಕೆ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆಯು ಅಮೋನಿಯಂ ಸಲ್ಫೇಟ್ ತಯಾರಿಸತೊಡಗಿತು. ಕೊಳೆಯಿಸಲು ಬೇಕಾದ ಸಾರಜನಕವು ಚೀಲದಲ್ಲಿ ಸಿಗುವಂತಾದದ್ದೇನೋ ನಿಜ, ಆದರೆ ಚೀಲದ ಸಾರಜನಕ ಕೈಗೆ ಬಂದ ರೈತನು ಅದನ್ನು ಕಸಕ್ಕೆ ಹಾಕದೆ ನೇರವಾಗಿ ಪೈರಿಗೇ ಹಾಕಿದನು.

ಕೃಷ್ಣರಾಜನಗರದ ಕಥೆ ಉಳಿದ ಮೂರರಿಂದ ಬೇರೆ. ಎಡತೊರೆ ಎಂಬ ಹಳೆಯ ಊರು ಕಾವೇರಿಯ ಪ್ರವಾಹಕ್ಕೆ ಮತ್ತೆ ಮತ್ತೆ ಸಿಕ್ಕಿದ್ದರಿಂದ ಎತ್ತರದ ಜಾಗದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನ ಹೊಸ ಪಟ್ಟಣ ಎದ್ದಿತು. ಸುತ್ತಲಿನ ಗದ್ದೆಗಳು ಚಾಮರಾಜ, ಮಿರ್ಲೆ, ರಾಮಸಮುದ್ರ ಮುಂತಾದ ನಾಲೆಗಳ ನೀರಿನಿಂದ ಭತ್ತ ಬೆಳೆಯುತ್ತಿದ್ದವು. ಗದ್ದೆಗೆ ಹೊಂಗೆಯ ಸೊಪ್ಪನ್ನೂ, ಈಚಿನ ದಿನಗಳಲ್ಲಿ ಗೊಬ್ಬರದ ಗಿಡವೆಂದೇ ಹೆಸರಾದ ಗ್ಲಿರಿಸಿಡಿಯಾದ ಸೊಪ್ಪನ್ನೂ ತುಳಿದು ಕೊಳೆಯಿಸುವ ರೂಢಿಯಲ್ಲಿ ಮರವು ಗೊಬ್ಬರವಾಗುವುದು ಎಲೆಯ ಮಟ್ಟಿಗೆ ಮಾತ್ರ. ಎಲೆ ಗದ್ದೆಗೆ, ಕೊಂಬೆ ಒಲೆಗೆ ಎಂಬ ಹಂಚಿಕೆ ಕಟ್ಟುನಿಟ್ಟಾಗಿತ್ತು. ಕಬ್ಬಿನ ಆಲೆಮನೆಗಳಲ್ಲಿ ರಚ್ಚೆಯೂ ಕೊಪ್ಪರಿಗೆಯ ಕೆಳಗಿನ ಬೆಂಕಿಗೇ ಹೋಗುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿ ಬೆಂಕಿಯ ಪಾಲು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಿಂದೆಂದೂ ಇಲ್ಲದಷ್ಟು ಹೆಚ್ಚಿತು, ಅದಕ್ಕೆ ಕಾರಣ ವರ್ಜೀನಿಯಾ ತಂಬಾಕು. ರಾಜಮಂಡ್ರಿಯಲ್ಲಿ 1947ರಲ್ಲಿ ಸ್ಥಾಪಿತವಾದ ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆಯು ಹುಣಸೂರಿನಲ್ಲಿ ತನ್ನ ಕೇಂದ್ರವನ್ನು ತೆರೆಯಿತು. 1976ರಲ್ಲಿ ತಂಬಾಕು ಮಂಡಳಿ ಬಂದು, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಆರಂಭವಾದ ಮೇಲೆ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದಂಥ ಊರುಗಳ ಹೆಸರು ಹರಾಜು ಮಾರುಕಟ್ಟೆಗಳಾಗಿ ನಾಡಿಗೆಲ್ಲ ತಿಳಿಯಿತು. ಈ ತಂಬಾಕನ್ನು ಬಿಸಿಲಿನಲ್ಲಿ ಒಣಗಿಸುವಂತಿಲ್ಲ. ಬ್ಯಾರನ್ ಎಂದು ಕರೆಯುವ ಎತ್ತರದ ಮುಚ್ಚುಮನೆಯಲ್ಲಿ ಎಲೆಯನ್ನು ಕಡ್ಡಿಗಳಿಗೆ ಕಟ್ಟಿ ತೂಗುಹಾಕಿ, ಹೊರಗಿನ ಒಲೆಯ ಶಾಖವನ್ನು ಕೊಳವೆಗಳಲ್ಲಿ ಹಾಯಿಸಿ, ಮೊದಲು ಹಳದಿಯ ಬಣ್ಣ ಬರಿಸಿ, ಆಮೇಲೆ ಶಾಖವನ್ನು ಸುಮಾರು 70 ಡಿಗ್ರಿಯವರೆಗೆ ಏರಿಸುತ್ತ ಐದಾರು ದಿನ ಹಗಲು ರಾತ್ರಿ ಬೇಯಿಸಬೇಕು. ಒಂದು ಕೆಜಿ ಹದವಾದ ಎಲೆಗೆ ನಾಲ್ಕು ಕೆಜಿ ಸೌದೆಯೆಂದು ಮಿತವಾಗಿಯೇ ಲೆಕ್ಕ ಹಿಡಿದರೂ, ಕರ್ನಾಟಕಕ್ಕೆ ಈಚಿನ ವರ್ಷಗಳಲ್ಲಿ ನಿಗದಿಯಾಗುತ್ತಿರುವ ಸುಮಾರು 10 ಕೋಟಿ ಕೆಜಿ ಎಲೆಯನ್ನು ಪೂರ್ತಿ ಸೌದೆಯಿಂದಲೇ ಬೇಯಿಸಿದರೆ 4 ಲಕ್ಷ ಟನ್ ಮರ ಬೇಕಾಗುತ್ತದೆ. ಇಷ್ಟು ಹಸಿವಿನ ಒಲೆಗಳು ಪಕ್ಕದಲ್ಲಿರುವಾಗ ಮರದ ಚಕ್ಕೆಯನ್ನು ಗುಂಡಿಗೆ ಹಾಕಿ ಕಾಯುವ ರೈತನನ್ನು ಕಲ್ಪಿಸಿಕೊಳ್ಳುವುದೂ ಕಷ್ಟ. ಹುಣಸೂರಿನ ಹಳೆಯ ಕಾಫಿ ಕಾರ್ಖಾನೆಗಳನ್ನು ನೆನಪಿಗೆ ತರುವ ಕಾಫಿಯ ಸಿಪ್ಪೆ ಕೂಡ, ಸೌದೆಗೆ ಬದಲಾಗಿ, ಬ್ಯಾರನ್ನಿನ ಒಲೆಗೇ ಬಂದಿದೆ. ಉಳಿಯುವ ಬೂದಿಯಲ್ಲಿ ಪೊಟ್ಯಾಶ್ ಇದೆ, ಮತ್ತು ಕ್ಲೋರಿನ್ ಇರುವ ಪೊಟ್ಯಾಶ್ ಗೊಬ್ಬರವನ್ನು ಸಹಿಸದ ಈ ಬೆಳೆಗೆ ಅದರ ಬೆಲೆ ಕಡಿಮೆಯದಲ್ಲ. ಆದರೆ ಇಲ್ಲಿನ ಹಗುರ ಕೆಂಪು ಮಣ್ಣಿಗೆ ನಿಜವಾಗಿ ಕೊರತೆ ಇರುವುದು ಕಪ್ಪನೆಯ ಜೈವಿಕ ಅಂಶದ್ದು, ಅದನ್ನು ಬೂದಿ ಕೊಡಲಾರದು.

ಮರವು ತ್ಯಾಜ್ಯವಾದದ್ದು ಯಂತ್ರದ ಗರಗಸ ಮತ್ತು ಅಡುಗೆ ಅನಿಲ, ಈ ಎರಡೂ ಬಂದ ಮೇಲೆ. ಕೈಗರಗಸದ ಕಾಲದ ಹೊಟ್ಟು ಬುಟ್ಟಿಯ ಲೆಕ್ಕದ್ದು. ಸಾಮಿಲ್ ಎಂದೇ ಜನ ಕರೆಯುವ ಮರ ಕೊಯ್ಯುವ ಯಂತ್ರಗಳೂ ಪ್ಲೈವುಡ್ ತಯಾರಿಕೆಯೂ ಹುಣಸೂರಿಗೆ ಬಂದ ನಂತರ ಅದು ಲಾರಿಯ ಲೆಕ್ಕಕ್ಕೆ ಏರಿತು. ಹಾಗಿದ್ದರೂ ಬಹಳ ಕಾಲ ಅದು ಕಸವಾಗಲಿಲ್ಲ, ಏಕೆಂದರೆ ತಗಡಿನ ಡಬ್ಬದ ನಡುವೆ ಕೊಳವೆ ನಿಲ್ಲಿಸಿ ಸುತ್ತ ಹೊಟ್ಟನ್ನು ಗಿಡಿದು, ಕೊಳವೆ ತೆಗೆದು ಉರಿಸುವ ಹೊಟ್ಟಿನ ಒಲೆಯು ಮಧ್ಯಮ ವರ್ಗದ ಮನೆಗಳಲ್ಲಿಯೂ ಹೋಟೆಲುಗಳಲ್ಲಿಯೂ ವಿದ್ಯಾರ್ಥಿ ನಿಲಯಗಳಲ್ಲಿಯೂ ದಶಕಗಳ ಕಾಲ ಉರಿಯಿತು. ಅನಿಲದ ಸಿಲಿಂಡರು ಪಟ್ಟಣದ ಅಡುಗೆಮನೆಗೂ, 2016ರ ಉಜ್ವಲಾ ಯೋಜನೆಯ ನಂತರ ಹಳ್ಳಿಯ ಬಡವರ ಮನೆಗೂ ತಲುಪಿದಂತೆ ಹೊಟ್ಟಿನ ಗಿರಾಕಿ ಕಡಿಮೆಯಾದನು. ಇದರ ನಡುವೆ 1996ರ ಡಿಸೆಂಬರ್ 12ರಂದು ಕಾಡಿನ ರಕ್ಷಣೆಯ ಕುರಿತಾದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನೀಡಿದ ಆದೇಶವು ದೇಶದಾದ್ಯಂತ ಸಾಮಿಲ್ಲುಗಳ ಮೇಲೆ ಬಿಗಿಯಾದ ನಿಯಂತ್ರಣ ತಂದು, ಕಾಡಿನ ಮರದ ಬದಲು ತೋಟದ ಸಿಲ್ವರ್ ಓಕ್, ನೀಲಗಿರಿ, ತೆಂಗುಗಳು ಗರಗಸಕ್ಕೆ ಬರುವಂತಾಯಿತು. ಹೊಟ್ಟಿನ ಗುಣ ಬದಲಾಯಿತು. ತೇಗದ ಪುಡಿಗಿಂತ ಮೆದುಮರದ ಪುಡಿ ಬೇಗ ಕೊಳೆಯುತ್ತದೆ. ಎಚ್ಚರಿಸಬೇಕಾದ ಒಂದು ಅಪಾಯವೂ ಇದೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ 1933ರಲ್ಲಿ ಸೊಂಟಿ ಕಾಮೇಶಂ ಎಂಬ ಭಾರತೀಯ ವಿಜ್ಞಾನಿ ಕಂಡುಹಿಡಿದ, ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಮಿಶ್ರಣದಿಂದ ಮರವನ್ನು ಕೊಳೆಯದಂತೆ ಕಾಪಾಡುವ ಕ್ರಮವು ಪ್ರಪಂಚವನ್ನೆಲ್ಲ ಗೆದ್ದಿತು. ಹಾಗೆ ಸಂಸ್ಕರಿಸಿದ ಕಂಬದ ಅಥವಾ ಅಂಟು ತುಂಬಿದ ಪ್ಲೈವುಡ್ಡಿನ ಪುಡಿಯನ್ನು ಗೊಬ್ಬರದ ಗುಂಡಿಗೆ ಹಾಕುವುದು ಹೊಲಕ್ಕೆ ವಿಷವಿಟ್ಟಂತೆ.

ಸೂಕ್ಷ್ಮಜೀವಿಯನ್ನು ಹೆಸರಿಟ್ಟು, ಪೊಟ್ಟಣದಲ್ಲಿ ಕೊಂಡು, ಮರದಂಥ ಕಸಕ್ಕೆ ಹಾಕುವ ರೂಢಿ ಈ ಸೀಮೆಗೆ ಬಂದದ್ದು ಮರದ ಮೂಲಕವಲ್ಲ, ತೆಂಗಿನ ನಾರಿನ ಮೂಲಕ. ಕಾಯಿಯ ಸಿಪ್ಪೆಯಿಂದ ನಾರು ತೆಗೆದಾಗ ಉಳಿಯುವ ಪುಡಿಯಲ್ಲಿ ಲಿಗ್ನಿನ್ನಿನ ಪಾಲು ಮರದಷ್ಟೇ ಇದ್ದು, ನಾರಿನ ಘಟಕಗಳ ಹಿಂದೆ ಅದು ಗುಡ್ಡವಾಗಿ ಬೀಳುತ್ತಿತ್ತು. ಒಂದು ಟನ್ ಪುಡಿಗೆ 5 ಕೆಜಿ ಯೂರಿಯಾ ಮತ್ತು ಸಿಂಪಿ ಅಣಬೆಯ ಜಾತಿಯ ಪ್ಲೂರೋಟಸ್ ಬೀಜವನ್ನು ಪದರವಾಗಿ ಹಾಕಿ, ನೆರಳಿನಲ್ಲಿ ತೇವ ಆರದಂತೆ ಒಂದು ತಿಂಗಳು ಇಟ್ಟರೆ ಇಂಗಾಲ ಸಾರಜನಕದ ಅನುಪಾತವು 112ರಿಂದ 24ರ ಹತ್ತಿರಕ್ಕೆ ಇಳಿಯುತ್ತದೆಂದು ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಪ್ರಯೋಗಗಳು ತೋರಿಸಿದವು. ನಾರು ಮಂಡಳಿಯು ಆ ಅಣಬೆಯನ್ನು ಪಿತ್‌ಪ್ಲಸ್ ಎಂಬ ಹೆಸರಿನಲ್ಲಿ ಹಂಚಿತು. ಹುಣಸೂರು, ಪಿರಿಯಾಪಟ್ಟಣಗಳ ತಂಬಾಕು ಬೆಳೆಗಾರರು ಸಸಿಗಳನ್ನು ನೆಲದ ಮಡಿಯ ಬದಲು ಪ್ಲಾಸ್ಟಿಕ್ ಟ್ರೇಗಳಲ್ಲಿ ಬೆಳೆಸತೊಡಗಿದಾಗ ಆ ಟ್ರೇಗಳಿಗೆ ತುಂಬಿದ್ದು ಈ ತೆಂಗಿನ ಪುಡಿಯನ್ನೇ. ಇದೇ ಸೀಮೆಯ ಶುಂಠಿ ಬೆಳೆಗಾರರಿಗೆ ಟ್ರೈಕೊಡರ್ಮಾ ಎಂಬ ಶಿಲೀಂಧ್ರ ಪರಿಚಯವಾದದ್ದು ಗೆಡ್ಡೆ ಕೊಳೆ ರೋಗದ ಮದ್ದಾಗಿ. ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಹಾಕುವ ಆ ಹಸಿರು ಬೂಷ್ಟು ಸೆಲ್ಯುಲೋಸನ್ನು ಕರಗಿಸುವುದರಲ್ಲಿ ನಿಸ್ಸೀಮವೆಂಬುದು ಎರಡನೆಯ ಮಹಾಯುದ್ಧದ ಕಾಲದಲ್ಲಿಯೇ ಬಯಲಾಗಿತ್ತು, ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಹತ್ತಿ ಬಟ್ಟೆಯ ಡೇರೆಗಳನ್ನು ಅದು ತಿಂದುಹಾಕಿದಾಗ.

ಇದೇ ಅವಧಿಯಲ್ಲಿ ಸಗಣಿ ಗಂಜಲಗಳನ್ನು ಹುದುಗಿಸಿದ ಜೀವಾಮೃತವೂ, 2015ರ ನಂತರ ಗಾಜಿಯಾಬಾದಿನ ಸಾವಯವ ಕೃಷಿ ಕೇಂದ್ರದ ವೇಸ್ಟ್ ಡಿಕಂಪೋಸರ್ ಎಂಬ ಪುಟ್ಟ ಸೀಸೆಯೂ ಹಳ್ಳಿಗಳಿಗೆ ಬಂದವು. ಹುಲ್ಲು ಸೊಪ್ಪುಗಳ ಮಟ್ಟಿಗೆ ಇವುಗಳಿಂದ ಕೆಲಸ ಆಗುತ್ತದೆ. ಮರದ ವಿಷಯದಲ್ಲಿ ಮಾತ್ರ ಸೀಸೆಯ ಮೇಲಿನ ಭರವಸೆ ಅತಿಯಾದದ್ದು, ಏಕೆಂದರೆ ಕೊಳೆಯಿಸುವ ಜೀವಿಗೆ ಮಣ್ಣಿನಲ್ಲಿ ಬರವಿಲ್ಲ. ಬರವಿರುವುದು ತೇವಕ್ಕೆ, ಸಾರಜನಕಕ್ಕೆ ಮತ್ತು ಕಾಯುವ ತಾಳ್ಮೆಗೆ. ಗೇಣಿಗೆ ಹಿಡಿದ ಹೊಲದಲ್ಲಿ ಒಂದೇ ವರ್ಷ ಶುಂಠಿ ಬೆಳೆದು ಹೋಗುವವನಿಗೆ ಎರಡು ವರ್ಷದ ನಂತರ ಮಣ್ಣಾಗುವ ಹೊಟ್ಟಿನಿಂದ ಏನು ಪ್ರಯೋಜನ?

ಇಷ್ಟಾದರೂ ಗರಗಸದ ಹೊಟ್ಟು ಇಂದು ಹೊಲಕ್ಕೆ ಬರುತ್ತಿದೆ, ಯಾವ ಇಲಾಖೆಯ ಯೋಜನೆಯೂ ಇಲ್ಲದೆ, ಕೋಳಿ ಫಾರಮ್ಮಿನ ದಾರಿಯಿಂದ. ಫಾರಮ್ಮುಗಳ ನೆಲಕ್ಕೆ ಭತ್ತದ ಹೊಟ್ಟು, ತೆಂಗಿನ ಪುಡಿಗಳಂತೆಯೇ ಮರದ ಹೊಟ್ಟನ್ನೂ ಹಾಸುತ್ತಾರೆ. ಮರಿ ಬೆಳೆದು ಮಾರಾಟವಾಗುವವರೆಗೆ ಅದರ ಮೇಲೆ ಬಿದ್ದ ಹಿಕ್ಕೆಯು ಸಾರಜನಕವನ್ನು ಕೊಡುತ್ತದೆ, ಕೋಳಿಯ ಕಾಲು ಅದನ್ನು ಕೆದಕಿ ಮಗುಚುತ್ತದೆ, ಹೊವಾರ್ಡನ ಎತ್ತು ಮತ್ತು ಚಕ್ರಗಳ ಕೆಲಸ ಎರಡನ್ನೂ ಕೋಳಿಯೇ ಮಾಡಿ ಮುಗಿಸುತ್ತದೆ. ಆ ಹಾಸು ಕೋಳಿಗೊಬ್ಬರವೆಂಬ ಹೆಸರಿನಲ್ಲಿ ಶುಂಠಿಯ ಹೊಲಗಳಿಗೂ ತೆಂಗಿನ ತೋಟಗಳಿಗೂ ಲಾರಿಯಲ್ಲಿ ಬಂದು ಇಳಿಯುತ್ತದೆ. ಅದನ್ನು ಬಿಸಿಬಿಸಿಯಾಗಿಯೇ ಬುಡಕ್ಕೆ ಸುರಿದರೆ ಬೇರು ಸುಡುವುದಲ್ಲದೆ ಒಳಗಿನ ಮರವೂ ಕೊಳೆತಿರುವುದಿಲ್ಲ. ಕೊಂಡವರು ನೆರಳಿನಲ್ಲಿ ರಾಶಿ ಹಾಕಿ, ವಾರಕ್ಕೊಮ್ಮೆ ನೀರು ಚಿಮುಕಿಸಿ, ತಿಂಗಳಿಗೊಮ್ಮೆ ಮಗುಚಿ, ಹೊಟ್ಟಿನ ಚೂರನ್ನು ಬೆರಳುಗಳ ನಡುವೆ ಹಿಸುಕಿದಾಗ ಅದು ಕಪ್ಪಗೆ ಪುಡಿಯಾಗುವವರೆಗೆ ಕಾದು, ಆಮೇಲೆ ಹೊಲಕ್ಕೆ ಹಾಕುವುದು ಒಳಿತು.